ನಗದೆ ಕೂತವರಿಗೂ ಥ್ಯಾಂಕ್ಸ್

ನಮ್ಮ ಸ್ಕಿಟ್‌ಗಳ, ಅಂದರೆ ಪುಟ್ಟ ಹಾಸ್ಯ ನಾಟಕಗಳ, ಶೋ ಮುಗಿಯಿತು. "ಆ ಸ್ಕಿಟ್ ತಂಡ ಒಡೆದು ಹೋಯ್ತಂತೆ" ಅಂತ ಮಾತಾಡಿಕೊಂಡವರಿಗೆಲ್ಲ ಹೇಳುವುದು ಇಷ್ಟೇ: ಒಡೆದಿದ್ದೂ ನಿಜ, ಸೇರಿದ್ದೂ ನಿಜ. ಐದೂ ಜನ ಮತ್ತೆ ಒಂದೇ ವೇದಿಕೆ ಹತ್ತಿದೆವು, ಒಂದಾದ ಮೇಲೊಂದು ಸ್ಕಿಟ್ ಆಡಿದೆವು, ಜನ ನಕ್ಕರು. ಒಂದಕ್ಕೆ ಮಾತ್ರ ಯಾರೂ ನಗಲಿಲ್ಲ. ಅದನ್ನು ಬರೆದವನು ಪ್ರೇಕ್ಷಕರದೇ ತಪ್ಪು ಅಂತ ಈಗಲೂ ವಾದ ಮಾಡುತ್ತಿದ್ದಾನೆ.

ಥ್ಯಾಂಕ್ಸ್ ಹೇಳಬೇಕಾದವರು ಬಹಳ ಜನ ಇದ್ದಾರೆ. ಹೆಸರು ಹಾಕಬೇಡ ಅಂತ ಕೆಲವರು ಮೊದಲೇ ಹೇಳಿಬಿಟ್ಟಿದ್ದಾರೆ, ಹಾಗಾಗಿ ಯಾರ ಹೆಸರೂ ಹಾಕುವುದಿಲ್ಲ. ಮಾಡಿದ ಕೆಲಸ ಹೇಳಿದರೆ ನಿಮ್ಮ ಬಗ್ಗೆಯೇ ಅಂತ ನಿಮಗೆ ಗೊತ್ತಾಗುತ್ತದೆ. ವೇದಿಕೆ ಮೇಲಿದ್ದ ನಮಗೆ ಚಪ್ಪಾಳೆ ಸಿಕ್ಕಾಯಿತು. ಇದು ಚಪ್ಪಾಳೆ ಸಿಗದವರಿಗೆ.

ಮೊದಲು, ಲೈಟ್ ನೋಡಿಕೊಂಡ ನಿನಗೆ. ದೊಡ್ಡ ನಾಟಕದಲ್ಲಿ ಪರದೆ ನಿಧಾನಕ್ಕೆ ಇಳಿದರೂ ನಡೆಯುತ್ತದೆ. ಸ್ಕಿಟ್‌ನಲ್ಲಿ ಹಾಗಲ್ಲ, ಕೊನೆಯ ಮಾತು ಬಿದ್ದ ತಕ್ಷಣ ಕತ್ತಲಾಗಬೇಕು. ಅರ್ಧ ಸೆಕೆಂಡ್ ಮುಂಚೆ ಆರಿದರೆ ಆ ಮಾತೇ ಹೋಯಿತು. ಅರ್ಧ ಸೆಕೆಂಡ್ ತಡವಾದರೆ ನಾವು ಬೆಪ್ಪರ ಹಾಗೆ ಒಬ್ಬರ ಮುಖ ಒಬ್ಬರು ನೋಡುತ್ತಾ ನಿಂತಿರುತ್ತೇವೆ, ಬಂದ ನಗುವೂ ಸತ್ತುಹೋಗುತ್ತದೆ. ಎರಡನೇ ಸ್ಕಿಟ್‌ನಲ್ಲಿ ಜನ ನಾವು ಅಂದುಕೊಂಡಿದ್ದಕ್ಕಿಂತ ಎರಡು ಸಾಲು ಮುಂಚೆಯೇ ಜೋರಾಗಿ ನಕ್ಕುಬಿಟ್ಟರಲ್ಲ, ಆಗ ಉಳಿದ ಎರಡು ಸಾಲು ಬೇಕಾಗಿಲ್ಲ ಅಂತ ನೀನೇ ತೀರ್ಮಾನ ಮಾಡಿ ಲೈಟ್ ಆರಿಸಿದೆ. ಯಾರನ್ನೂ ಕೇಳಲಿಲ್ಲ. ಆ ಸ್ಕಿಟ್ ಬರೆದವಳು ನಾನು. ಆ ಎರಡು ಸಾಲು ಈಗ ಸ್ಕ್ರಿಪ್ಟ್‌ನಲ್ಲಿಲ್ಲ.

ಆಮೇಲೆ, ಪ್ರತಿ ಓದಿಗೂ ಬಂದು ಮೂಲೆಯ ಕುರ್ಚಿಯಲ್ಲಿ ಕೂತು, ನಮ್ಮ ಮನಸ್ಸಿಗೆ ನೋವಾಗುತ್ತೆ ಅಂತ ಒಂದು ಸಲವೂ ಸುಮ್ನೆ ನಗದ ಸರ್‌ಗೆ. ಸರ್, ನಿಮ್ಮ ಮುಖ ನೋಡಿ ಎಷ್ಟು ಹಾಳೆ ಹರಿದು ಹಾಕಿದ್ದೇವೋ! ಹೀಗೆ ಗಟ್ಟಿಯಾಗಿ ಓದಿ ನೋಡುವ ಅಭ್ಯಾಸವನ್ನು ನಾವು ಬ್ರಿಟನ್ನಿನ ಮಾಂಟಿ ಪೈಥಾನ್ ಅನ್ನುವ ಹಾಸ್ಯ ತಂಡದಿಂದ ಕದ್ದದ್ದು. ಅವರು ಆರು ಜನ. ಜಾನ್ ಕ್ಲೀಸ್, ಗ್ರಹಾಂ ಚಾಪ್ಮನ್ ಒಂದು ಜೋಡಿಯಾಗಿ ಬರೆಯುತ್ತಿದ್ದರು, ಟೆರ್ರಿ ಜೋನ್ಸ್ ಮತ್ತು ಮೈಕೆಲ್ ಪೇಲಿನ್ ಇನ್ನೊಂದು ಜೋಡಿ, ಎರಿಕ್ ಐಡಲ್ ಒಬ್ಬರೇ, ಟೆರ್ರಿ ಗಿಲಿಯಂ ತಮ್ಮ ಅನಿಮೇಷನ್‌ನಲ್ಲಿ ತಾವು. ಬರೆದದ್ದನ್ನೆಲ್ಲ ಎಲ್ಲರ ಮುಂದೆ ಓದಬೇಕು, ಉಳಿದವರು ನಕ್ಕರೆ ಅದು ಉಳಿಯಿತು, ಇಲ್ಲದಿದ್ದರೆ ಇಲ್ಲ. 1969ರ ಅಕ್ಟೋಬರ್ 5ರಂದು ಬಿಬಿಸಿಯಲ್ಲಿ ಶುರುವಾದ ಅವರ ಕಾರ್ಯಕ್ರಮ 1974ರವರೆಗೆ ಒಟ್ಟು 45 ಕಂತು ಬಂತು. ಪಂಚ್‌ಲೈನ್, ಅಂದರೆ ಕೊನೆಗೆ ನಗಿಸುವ ಮಾತು, ಇಲ್ಲದೆಯೇ ಸ್ಕಿಟ್ಟನ್ನು ನಡುವೆ ಬಿಟ್ಟು ಇನ್ನೊಂದಕ್ಕೆ ಜಿಗಿಯುವುದು ಅವರ ದಾರಿ, ಸಂದು ತುಂಬಲು ಗಿಲಿಯಂ ಅವರ ಚಿತ್ರಗಳಿದ್ದವು. ನಮ್ಮಲ್ಲಿ ಗಿಲಿಯಂ ಇಲ್ಲ. ಹಾಗಾಗಿ ಪಂಚ್‌ಲೈನ್ ಹುಡುಕಲೇಬೇಕು, ಸಿಕ್ಕಿತು ಅಂತ ನಾವು ಕುಣಿದಾಗ ನೀವು "ಹ್ಞೂಂ, ಆಮೇಲೆ?" ಅನ್ನಲೇಬೇಕು.

ತಂಡ ಒಡೆದದ್ದು ಯಾಕೆ ಅಂತ ಬಹಳ ಜನ ಕೇಳಿದಿರಿ. ದೊಡ್ಡ ಕಾರಣ ಏನೂ ಇಲ್ಲ. ಯಾರವು ಎಷ್ಟು ಸ್ಕಿಟ್ ಇರಬೇಕು, ಯಾವುದು ಮೊದಲು, ಯಾವುದು ಕೊನೆಗೆ. ಹೊರಗಿನವರಿಗೆ ಇದು ಚಿಲ್ಲರೆ ವಿಷಯ, ನಮಗೆ ಪ್ರಾಣದ ಪ್ರಶ್ನೆ. ಇಬ್ಬರು ಮಾತು ಬಿಟ್ಟರು, ಒಬ್ಬ ಗ್ರೂಪ್‌ನಿಂದಲೇ ಹೊರಹೋದ, ತಾಲೀಮು ನಿಂತಿತು.

ಮತ್ತೆ ಸೇರಿಸಿದ್ದು ನಮ್ಮ ಗೆಳತಿಯ ಕಾಯಿಲೆ. ಅವಳಿಗೆ ಕೀಮೋ ಶುರುವಾಗಿದೆ ಅಂತ ಗೊತ್ತಾದಾಗ ಏನು ಹೇಳಬೇಕು ಅಂತ ಯಾರಿಗೂ ತಿಳಿಯಲಿಲ್ಲ. ಅವಳೇ ಹಾಸಿಗೆಯಿಂದ ವಾಯ್ಸ್ ಮೆಸೇಜ್ ಕಳಿಸಿದಳು: "ಇಲ್ಲಿ ಸ್ಕಿಟ್‌ಗೆ ಸರಕು ಸಿಕ್ಕಾಪಟ್ಟೆ ಇದೆ, ಯಾರಾದರೂ ಬಂದು ಬರೆದುಕೊಳ್ಳಿ." ಬರೆದುಕೊಂಡೆವು. ಸ್ಕಿಟ್ ಹೀಗೆ: ರೋಗಿಯನ್ನು ನೋಡಲು ಬರುವ ಪ್ರತಿಯೊಬ್ಬರೂ ತಮಗೆ ಗೊತ್ತಿರುವ ಇನ್ನೂ ಭಯಂಕರ ಕಾಯಿಲೆಯ ಕಥೆ ಹೇಳುತ್ತಾರೆ, ಕೊನೆಗೆ ರೋಗಿಯೇ ಎದ್ದು ಕೂತು ಅವರಿಗೆ ಸಮಾಧಾನ ಮಾಡಬೇಕಾಗುತ್ತದೆ. ಆವತ್ತು ಅತಿ ಹೆಚ್ಚು ನಗು ಬಂದಿದ್ದು ಅದಕ್ಕೇ. ರೋಗಿಯ ಪಾತ್ರ ಮಾಡು ಅಂದರೆ ಅವಳು ಒಪ್ಪಲಿಲ್ಲ. "ಅದು ಸಾಕಾಗಿದೆ ಕಣ್ರೋ, ನನಗೆ ಬಾಯಿಗೆ ಬಂದದ್ದು ಮಾತಾಡೋ ಪಾತ್ರ ಕೊಡಿ" ಅಂದಳು. ಕೊಟ್ಟೆವು. ಅವಳನ್ನು ನೋಡಿಕೊಂಡ ನರ್ಸ್‌ಗಳು ಮೂರನೇ ಸಾಲಿನಲ್ಲಿ ಕೂತಿದ್ದರು. ಅಕ್ಕಂದಿರಾ, ನಿಮಗೆ ಹೇಳುವ ಥ್ಯಾಂಕ್ಸ್ ಇಲ್ಲಿ ಬರೆದು ಮುಗಿಯುವುದಲ್ಲ. ನೇರವಾಗಿಯೇ ಬಂದು ಹೇಳುತ್ತೇನೆ.

ಆ ದಿನಗಳಲ್ಲಿ ನಮ್ಮ ಲೈಟ್ ಹುಡುಗ ಕೆನಡಾದ ಟೊರಾಂಟೊದ ಕಿಡ್ಸ್ ಇನ್ ದ ಹಾಲ್ ಅನ್ನುವ ಹಾಸ್ಯ ತಂಡದ ಕಥೆ ಹೇಳಿದ. ಅವರೂ ಐದು ಜನ. 1984ರಲ್ಲಿ ಶುರುಮಾಡಿ, ರಿವೋಲಿ ಅನ್ನುವ ಕ್ಲಬ್ಬಿನಲ್ಲಿ ಆಡುತ್ತಾ ಬೆಳೆದು, ಆಮೇಲೆ ಟಿವಿಯಲ್ಲಿ ಹೆಸರು ಮಾಡಿದವರು. 1996ರಲ್ಲಿ ಬಂದ ಸಿನಿಮಾ ಮಾಡುವ ಹೊತ್ತಿಗೆ ಒಬ್ಬರಿಗೊಬ್ಬರು ಆಗುತ್ತಿರಲಿಲ್ಲ, ಸಿನಿಮಾನೂ ಓಡಲಿಲ್ಲ. ಆದರೂ 2000ದಲ್ಲಿ ಐದೂ ಜನ ಮತ್ತೆ ಒಟ್ಟಿಗೆ ಊರೂರು ಸುತ್ತಿ ಶೋ ಕೊಟ್ಟರು. 2009ರಲ್ಲಿ ಅವರಲ್ಲೊಬ್ಬರಾದ ಸ್ಕಾಟ್ ಥಾಂಪ್ಸನ್‌ಗೆ ಕ್ಯಾನ್ಸರ್ ಬಂತು. ಮರುವರ್ಷ ಪ್ರಸಾರವಾದ ಅವರ ಸರಣಿಯಲ್ಲಿ ಸಾವೇ ಒಂದು ಪಾತ್ರ, ಅದನ್ನು ಮಾಡಿದ್ದು ಅದೇ ತಂಡದ ಮಾರ್ಕ್ ಮೆಕಿನ್ನಿ. 2022ರಲ್ಲೂ ಐವರೂ ಹೊಸ ಕಂತುಗಳನ್ನು ಮಾಡಿದರು. ಇದನ್ನು ಕೇಳಿ ನಮ್ಮ ಗೆಳತಿ ಅಂದಿದ್ದು, "ನೋಡಿ, ಅವರು ಸಾವಿಗೂ ರೋಲ್ ಕೊಟ್ಟಿದ್ದಾರೆ, ನೀವು ನನಗೆ ಕೊಡೋಕೆ ಯೋಚನೆ ಮಾಡ್ತಿದ್ದೀರಾ?"

ಮಾತು ಬಿಟ್ಟವರನ್ನು ಮಾತಾಡಿಸಿದ್ದು ಮಾತ್ರ ನಮಗೆ ನಟನೆಯ ಆಟ ಕಲಿಸಲು ಬಂದ ಮೇಡಂ. ಜಗಳದ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳದೆ ಅವರಿಬ್ಬರನ್ನು ಎದುರುಬದುರು ನಿಲ್ಲಿಸಿ ಕನ್ನಡಿ ಆಟ ಆಡಿಸಿದರು. ಒಬ್ಬ ಮಾಡಿದ್ದನ್ನು ಇನ್ನೊಬ್ಬ ಕನ್ನಡಿಯ ಹಾಗೆ ಮಾಡಬೇಕು, ಅಷ್ಟೇ. ಮುಖ ನೋಡದೆ ಅದನ್ನು ಆಡಲು ಆಗುವುದಿಲ್ಲ. ಸ್ವಲ್ಪ ಹೊತ್ತಿಗೆ ಒಬ್ಬ ಮೂಗು ಕೆರೆದುಕೊಂಡ, ಇನ್ನೊಬ್ಬನೂ ಕೆರೆದುಕೊಂಡ, ಇಬ್ಬರೂ ನಕ್ಕರು. ಇದು ವಯೋಲಾ ಸ್ಪೋಲಿನ್ ಅವರ ಆಟಗಳಲ್ಲೊಂದು ಅಂತ ಮೇಡಂ ಆಮೇಲೆ ಹೇಳಿದರು. ಶಿಕಾಗೋದಲ್ಲಿ ವಲಸೆ ಬಂದವರ ಮಕ್ಕಳ ಜೊತೆ ಕೆಲಸ ಮಾಡುತ್ತಾ ಆ ಮಹಿಳೆ ಇಂಥ ಆಟಗಳನ್ನು ಕಟ್ಟಿದರು. ಅವರ ಮಗ ಪಾಲ್ ಸಿಲ್ಸ್ ಗೆಳೆಯರ ಜೊತೆ ಸೇರಿ 1959ರ ಡಿಸೆಂಬರ್‌ನಲ್ಲಿ ಸೆಕೆಂಡ್ ಸಿಟಿ ಅನ್ನುವ ಹಾಸ್ಯ ತಂಡ ಶುರುಮಾಡಿದಾಗ ಆ ಆಟಗಳೇ ಅದಕ್ಕೆ ಬುನಾದಿ. ಸ್ಕಿಟ್ ಆಡುವವರೆಲ್ಲ ಈ ಅಮ್ಮನಿಗೆ ಋಣಿಗಳು, ಬಹಳ ಜನಕ್ಕೆ ಅವರ ಹೆಸರೇ ಗೊತ್ತಿಲ್ಲ ಅನ್ನುವುದು ನನಗೆ ಬೇಜಾರು.

ಹಾಲ್‌ಗೆ ಅಡ್ವಾನ್ಸ್ ಕಟ್ಟಿದ ಅಣ್ಣನಿಗೆ. ಮೊದಲು ಒಪ್ಪಿಕೊಂಡಿದ್ದ ಪ್ರಾಯೋಜಕರು ಕೊನೇ ಗಳಿಗೆಯಲ್ಲಿ ಕೈಕೊಟ್ಟಾಗ ನೀವು "ವಾಪಸ್ ಕೊಡೋದು ಆಮೇಲೆ ನೋಡೋಣ, ನನಗೆ ಈ ಶೋ ನೋಡಬೇಕು" ಅಂದಿರಿ. ನಿಮಗೆ ಗೊತ್ತಿದೆಯೋ ಇಲ್ಲವೋ, ಪೈಥಾನ್‌ಗಳಿಗೂ ಇಂಥವರೊಬ್ಬರು ಸಿಕ್ಕಿದ್ದರು. 1978ರಲ್ಲಿ ಅವರ ಸಿನಿಮಾಕ್ಕೆ ದುಡ್ಡು ಹಾಕಬೇಕಿದ್ದ ಕಂಪನಿ ಶೂಟಿಂಗ್ ಶುರುವಾಗುವ ಸ್ವಲ್ಪ ಮುಂಚೆ ಹಿಂದೆ ಸರಿಯಿತು, ಆಗ ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ ತಮ್ಮ ಮನೆಯನ್ನೇ ಅಡವಿಟ್ಟು ದುಡ್ಡು ಹೊಂದಿಸಿದರು. ಕಾರಣ? ಆ ಸಿನಿಮಾ ನೋಡಬೇಕು ಅನ್ನಿಸಿತ್ತು, ಅಷ್ಟೇ. ನೀವು ಮನೆ ಅಡವಿಡಲಿಲ್ಲ, ಇಡಬೇಡಿ ಕೂಡ. ದುಡ್ಡು ವಾಪಸ್ ಬಂದಿದೆ, ಲೆಕ್ಕ ಕಳಿಸುತ್ತೇನೆ.

ಸೈಡ್ ವಿಂಗ್‌ನಲ್ಲಿ ನಿಂತು ಬಟ್ಟೆ ಬದಲಾಯಿಸಿದವರಿಗೆ, ಗುಂಡಿ ಕಿತ್ತು ವೆಲ್ಕ್ರೋ ಹೊಲಿದವರಿಗೆ, ಕತ್ತಲಲ್ಲೇ ಮೇಜು ಕುರ್ಚಿ ಜಾಗಕ್ಕೆ ಇಟ್ಟವರಿಗೆ. ಮನೆಯಲ್ಲಿ ಒಂದೇ ಜೋಕನ್ನು ಎಷ್ಟೋ ಸಲ ಕೇಳಿ ಸಹಿಸಿಕೊಂಡವರಿಗೆ.

ಶೋ ಮುಗಿದ ಮೇಲೂ ಕೂತಿದ್ದ ನಿಮ್ಮೆಲ್ಲರಿಗೆ ಕೊನೆಯ ಥ್ಯಾಂಕ್ಸ್. ನಿಮ್ಮಿಂದ ವಿಷಯ ಕೇಳಿ ಅಲ್ಲೇ ಆಡಿ ನೋಡಿದ್ದು, ಚೆನ್ನಾಗಿ ಬಂದದ್ದನ್ನು ತಿದ್ದಿ ಮುಂದಿನ ಶೋಗೆ ಇಟ್ಟುಕೊಳ್ಳುವುದು, ಇದೂ ಸೆಕೆಂಡ್ ಸಿಟಿಯವರ ಪದ್ಧತಿಯೇ. ಎರಡನ್ನು ಆಗಲೇ ಬರೆಯಲು ಶುರುಮಾಡಿದ್ದೇವೆ. "ಲಿಫ್ಟ್‌ನಲ್ಲಿ ಸಿಕ್ಕಿಹಾಕಿಕೊಂಡ ಮಾಜಿ ಗಂಡ ಹೆಂಡತಿ" ಅಂತ ಹಿಂದಿನ ಸಾಲಿನಿಂದ ಕೂಗಿದವರು ಯಾರು ಅಂತ ಗೊತ್ತಾಗಲಿಲ್ಲ. ಇದನ್ನು ಓದುತ್ತಿದ್ದರೆ ದಯವಿಟ್ಟು ಒಂದು ಮೆಸೇಜ್ ಹಾಕಿ. ಲಿಫ್ಟ್ ಮೇಲೆ ಹೋಗುತ್ತಿತ್ತಾ, ಕೆಳಗೆ ಬರುತ್ತಿತ್ತಾ ಅಂತ ನಮ್ಮಲ್ಲಿ ಆಗಲೇ ಜಗಳ ಶುರುವಾಗಿದೆ.