ಒತ್ತಿಗೆ ಜಾಗಾ ಬಿಡ್ರೆಪಾ

ದೋಸ್ತ,

ನೀ ಕಳಿಸಿದ ಇಂಗ್ಲೆಂಡಿನ ರಸ್ತೆ ಬೋರ್ಡಿನ ಫೋಟೊ ಮುಟ್ಟಿದವು. "ನಮ್ಮ ಕಡೆ ಇಂಥಾ ಅಕ್ಷರ ಯಾಕಿಲ್ಲೋ?" ಅಂತ ಕೇಳೀದಿ. ಅಲ್ಲಿ ಆ ಅಕ್ಷರದ ಹಿಂದ ಇಬ್ಬರು ಅದಾರ, ಜಾಕ್ ಕಿನ್ನಿಯರ್ ಮತ್ತ ಮಾರ್ಗರೇಟ್ ಕ್ಯಾಲ್ವರ್ಟ್. 1958ರಾಗ ಪ್ರೆಸ್ಟನ್ ಬೈಪಾಸ್ ಅನ್ನೂ ಅಲ್ಲಿನ ಮೊದಲ ಮೋಟರ್‌ವೇಕ್ಕ ಬೋರ್ಡ್ ಮಾಡಿದಾಗಿಂದ ವರ್ಷಗಟ್ಟಲೆ ಅದಕ್ಕ ತಲಿ ಕೆಡಿಸಿಕೊಂಡ್ರು. ನಮ್ಮ ಬೋರ್ಡಿನ ಹಿಂದ ಇರೂದು ಅವತ್ತ ಕಂಪ್ಯೂಟರಿನ್ಯಾಗ ಸಿಕ್ಕ ಫಾಂಟು.

ಆದ್ರ ಫಾಂಟಿಗಿಂತ ದೊಡ್ಡ ತಂಟೆ ಒತ್ತಕ್ಷರದ್ದು. ಅವಳಿ ನಗರದ ಎರಡ ಹೆಸರು ತಗೋ. 'ಧಾರವಾಡ' ಒಂದ ಸಾಲಿನ್ಯಾಗ ಸುಮ್ಮನ ಕುಂಡ್ರತೈತಿ. 'ಹುಬ್ಬಳ್ಳಿ'ಗೆ ಮ್ಯಾಲ ಗುಡಿಸು, ಕೆಳಗ ಎರಡು ಒತ್ತು, ಬಸ್ಸಿನ ಬಾಗಲಿಗೆ ಜೋತುಬಿದ್ದ ಕಾಲೇಜ್ ಹುಡುಗರಂಗ. ಬೋರ್ಡ್ ಮಾಡವ್ರು ಎರಡೂ ಊರಿಗೆ ಒಂದ ಅಳತಿ ಇಡತಾರ, ಕೆಳಗ ಇಂಗ್ಲಿಷ್ ತುರುಕತಾರ. ಒತ್ತು ಹೋಗಿ ಇಂಗ್ಲಿಷಿನ ತಲಿಗೆ ಬಡೀತೈತಿ. ಬಡೀಬಾರದು ಅಂದ್ರ ಕನ್ನಡಾನ ಸಣ್ಣದು ಮಾಡತಾರ. ಇಂಗ್ಲಿಷ್ ಇದ್ದಷ್ಟ ಇರತೈತಿ. ಗದಗಿನವರು ಪುಣ್ಯವಂತರು ನೋಡು. ಮೂರಕ್ಷರ, ಮ್ಯಾಲ ಏನಿಲ್ಲ, ಕೆಳಗ ಏನಿಲ್ಲ, ಯಾರಿಗೂ ಕೆಡಸಾಕ ಬರಂಗಿಲ್ಲ. ಅದ ಜಿಲ್ಲಾದಾಗ ಲಕ್ಷ್ಮೇಶ್ವರ ಐತಿ. ಕಕ್ಕ ಷ ಒತ್ತು, ಅದರ ಕೂಡ ಮ ಒತ್ತು, ಮ್ಯಾಲ ಏತ್ವ, ಬಾಜೂಕ ದೀರ್ಘ, ಮುಂದ ಮತ್ತ ಒಂದು ವ ಒತ್ತು. ಆ ಬೋರ್ಡ್ ಚಂದ ಬಂತಂದ್ರ ಮಾಡಿದಾಂವ ಗಟ್ಟಿ ಮನಷ್ಯಾ ಅಂತ ತಿಳಕೊ.

ಕಿನ್ನಿಯರ್ ಮತ್ತ ಕ್ಯಾಲ್ವರ್ಟ್ ಇಂಗ್ಲಿಷ್ ಹೆಸರು ಎಲ್ಲಾ ದೊಡ್ಡಕ್ಷರದಾಗ (ಕ್ಯಾಪಿಟಲ್) ಬರಿಯೂದು ಬ್ಯಾಡ ಅಂದ್ರು. ಸಣ್ಣಕ್ಷರ ಏರತಾವ, ಇಳೀತಾವ. ಓದೂಕಿಂತ ಮೊದಲ ಹೆಸರಿನ ಆಕಾರ ಗುರ್ತು ಸಿಗತೈತಿ ಅನ್ನೂದು ಅವರ ವಾದ. ಡೇವಿಡ್ ಕಿಂಡರ್ಸ್ಲಿ ಅನ್ನೂ ಕಲ್ಲಿನ್ಯಾಗ ಅಕ್ಷರ ಕೆತ್ತಾಂವ ದೊಡ್ಡಕ್ಷರಾನ ಬೇಕು ಅಂತ ಜಗಳಾನೂ ತಗದಿದ್ದ. ನಮಗ ಆ ಜಗಳಾನ ಇಲ್ಲ. ಶಿಗ್ಗಾಂವಿ, ಬ್ಯಾಡಗಿ, ಅಣ್ಣಿಗೇರಿ, ರಾಣೇಬೆನ್ನೂರು, ಒಂದೊಂದು ಊರಿಗೂ ಒಂದೊಂದು ಏರು-ಇಳುವು ಐತಿ. ಪುಕ್ಕಟೆ ಸಿಕ್ಕದ್ದನ್ನ ಒತ್ತಿ ಚಪ್ಪಟೆ ಮಾಡತೀವಿ.

ದಪ್ಪದ ಕತಿ ಬ್ಯಾರೇನ ಐತಿ. ನಿಮ್ಮಲ್ಲಿ ಅವರಿಬ್ಬರು ಮಾಡಿದ ಟ್ರಾನ್ಸ್‌ಪೋರ್ಟ್ ಅನ್ನೂ ಫಾಂಟಿನ್ಯಾಗ ಎರಡು ತೂಕ ಅದಾವ: ಬಿಳಿ ಹಲಗಿ ಮ್ಯಾಲ ಕರೆ ಅಕ್ಷರಕ್ಕ ದಪ್ಪಂದು, ಹಸರು-ನೀಲಿ ಮ್ಯಾಲ ಬಿಳಿ ಅಕ್ಷರಕ್ಕ ತೆಳ್ಳಂದು. ಯಾಕಂದ್ರ ರಾತ್ರಿ ಹೆಡ್‌ಲೈಟ್ ಬಿತ್ತಂದ್ರ ಹೊಳಿಯೂ ಹಾಳಿ ಮ್ಯಾಲಿನ ಬಿಳಿ ಅಕ್ಷರ ಉಬ್ಬಿದಂಗ ಕಾಣತೈತಿ. ನಮ್ಮ ಹುಬ್ಬಳ್ಳಿ-ಧಾರವಾಡ ಬೈಪಾಸಿನ್ಯಾಗ ನರೇಂದ್ರದಿಂದ ಗಬ್ಬೂರಿನ ತನಕ ರಾತ್ರಿ ಒಮ್ಮೆ ಬಾ. ದಪ್ಪ ಫಾಂಟಿನ ಧಾರವಾಡದಾಗ ಧದ ಹೊಟ್ಟಿ ಸೀಳು ಮುಚ್ಚಿಹೋಗಿರತೈತಿ. ವಿಂಡೋಸಿನ ತುಂಗಾ ಫಾಂಟು ಹಾಕಿದ ಬೋರ್ಡಿಗೆ ಇದರ ಉಲ್ಟಾ ರೋಗ: ಸಣಕಲು, ಹಗಲಿನ್ಯಾಗೂ ಹುಡುಕಬೇಕು.

ಇನ್ನ ವಿಚಿತ್ರ ಬೇಕಂದ್ರ, ತಂತ್ರಾಂಶ ಕೈ ಕೊಟ್ಟ ಬೋರ್ಡ್‌ಗಳು. ಒತ್ತು ಕೂಡಸಾಕ ಬರದ ಡಿಸೈನ್ ಸಾಫ್ಟ್‌ವೇರಿನ್ಯಾಗ ಯೂನಿಕೋಡ್ ಅಂಟಿಸಿದ್ರ 'ಹುಬ್‌ಬಳ್‌ಳಿ' ಅಂತ ಬಿಡಿಬಿಡಿ ಬರತೈತಿ. ಅಚ್ಚಾಗಿ, ಕಂಬಾ ಏರಿ, ನಟ್ ಬೋಲ್ಟ್ ಬಿಗಿ ಆಗೂ ತನಕ ಒಬ್ಬರೂ ಓದಿರಂಗಿಲ್ಲ! ಇನ್ನೊಂದು ಜಾತಿ, ಹಾಳಿ ಕತ್ತರಿಸಿ ಅಂಟಿಸಿದವು. ಒತ್ತು ಬಿಡಿ ತುಂಡು, ಸಣ್ಣದು. ಬಿಸಲಿಗೆ ಮೊದಲ ಕಿತ್ತು ಬರೂದ ಅದು. 'ಹುಬಳಿ' ಅಂತ ಉಳದ ಬೋರ್ಡಿನ ಫೋಟೊ ಇದರ ಜೊತಿ ಇಟ್ಟೀನಿ.

ಇದಕ್ಕ ನನಗ ರಸ್ತೆ ಬಾಜೂಕಿನ ಮೈಲಿಗಲ್ಲು ಸೇರತಾವ. ಹಳದಿ ತಲಿ ರಾಷ್ಟ್ರೀಯ ಹೆದ್ದಾರಿದು, ಹಸರು ತಲಿ ರಾಜ್ಯ ಹೆದ್ದಾರಿದು. ಕೈಬರಹದ ಪೇಂಟರ್ ಖಡು ತಗೊಂಡು ತಲೆಕಟ್ಟಿಗೊಂದು ಗೆರಿ, ಅಕ್ಷರದ ಪಾದಕ್ಕೊಂದು, ಒತ್ತಿಗೆ ಬ್ಯಾರೆ ಒಂದು ಗೆರಿ ಹೊಡದ ಮ್ಯಾಲ ಬ್ರಶ್ ಹಿಡೀತಾನ. ಜಾಗಾ ಸಾಲದಿದ್ರ ಳದ ಒತ್ತನ್ನ ಬಾಜೂಕ ಸರಿಸಿ ಹೊಂದಿಸತಾನ, ಆದ್ರ ಕತ್ತರಿಸಂಗಿಲ್ಲ. ಬಸ್ಸಿನ ಮುಂದಿನ ತಗಡಿನ ಬೋರ್ಡ್ ಬರದವ್ರೂ ಇದ ಶಾಣ್ಯಾತನದವರು. ಎಲ್ಲಾ ಕೈಬರಹಾನೂ ಚಂದ ಅಂತ ನಾ ಹೇಳಂಗಿಲ್ಲ; ನೆರಳು, ಬಣ್ಣ, ಹೊಳಪು ಅಂತ ಮೆತ್ತಿ ಊರಿನ ಹೆಸರ ಮುಚ್ಚಿದವ್ರೂ ಅದಾರ.

ಮತ್ತೊಂದು ಮಜಾ ಕೇಳು. 'ಹುಬ್ಬಳ್ಳಿ' ಅನ್ನೂ ಹೆಸರಿನ ಫಾಂಟ್ ಒಂದು ಐತಿ! ಎರಿನ್ ಮೆಕ್ಲಾಕ್ಲಿನ್ ಅನ್ನಾಕಿ ಮಾಡ್ಯಾಳ, ಗೂಗಲ್ ಫಾಂಟ್ಸಿನ್ಯಾಗ ಪುಕ್ಕಟೆ ಸಿಗತೈತಿ, ಕನ್ನಡ-ಇಂಗ್ಲಿಷ್ ಎರಡೂ ಒಂದ ದಪ್ಪದ ಗೆರಿಯೊಳಗ. ಹುಬ್ಬಳ್ಳ್ಯಾಗ ಒಂದ ಬೋರ್ಡಿನ ಮ್ಯಾಲೂ ನನಗ ಅದು ಕಂಡಿಲ್ಲ. ರಸ್ತೆಗೆ ಅದು ಆಗತೈತಿ ಅಂತಲ್ಲ, ಸ್ವಲ್ಪ ಸಲಗಿ ಜಾಸ್ತಿ ಅದಕ್ಕ. ಆದ್ರ ವಾಚನಾಲಯದ ಬಾಗಲಕ್ಕ, ತೋಟಕ್ಕ ಒಪ್ಪತೈತಿ.

ನಿನಗೊಂದು ಕೆಲಸಾ ಹಚ್ಚತೀನಿ. ನಿಮ್ಮಲ್ಲಿ ಬೋರ್ಡಿನ ಅಳತಿ ಎಲ್ಲಾ ಅಕ್ಷರದ ಗೆರಿ ದಪ್ಪದಾಗ ಹೇಳತಾರಲ್ಲ: ಸಣ್ಣಕ್ಷರದ ಎತ್ತರ ನಾಕ ಗೆರಿ, ಅದು ಕುಂಡ್ರೂ ಚೌಕ ಎಂಟ ಗೆರಿ. ಕನ್ನಡದ ಚೌಕಕ್ಕ ಎಷ್ಟು ಬೇಕು, ಬರದು ನೋಡಿ ಕಳಿಸು. ಲೆಕ್ಕಾ ಮಾತ್ರ ಲಕ್ಷ್ಮೇಶ್ವರ ಇಟಗೊಂಡು ಹಾಕು, ಗದಗ ಇಟಗೊಂಡು ಹಾಕಬ್ಯಾಡ.

ನಿನ್ನ,
ಧಾರವಾಡದ ದೋಸ್ತ