ಮನೆಯಲ್ಲಿ ಕೋವಿ ಇದ್ದರಷ್ಟೇ ಸಾಲದು

ಮಾನ್ಯರೇ,

ಕಡ್ಡಾಯ ಸೇನಾ ಸೇವೆಯ ಚರ್ಚೆ ಎದ್ದಾಗಲೆಲ್ಲ ಓದುಗರ ಪತ್ರಗಳಲ್ಲಿ ಸ್ವಿಟ್ಜರ್ಲೆಂಡಿನ ಉದಾಹರಣೆ ಬಂದೇ ಬರುತ್ತದೆ. ಅಲ್ಲಿ ಮನೆಮನೆಯಲ್ಲೂ ಕೋವಿ, ಮನೆಗೊಬ್ಬ ಸಿಪಾಯಿ, ನಮ್ಮಲ್ಲೇಕೆ ಆಗದು ಎಂಬ ಧಾಟಿ. ಕೋವಿಯ ಮಾತು ಅರ್ಧ ನಿಜ. ಆ ಸೇನೆಯನ್ನು ನಡೆಸುತ್ತಿರುವ ಸಂಬಳದ ಲೆಕ್ಕದ ಬಗ್ಗೆ ಮಾತ್ರ ಯಾರೂ ಬರೆಯುವುದಿಲ್ಲ.

ಅಲ್ಲಿ ಗಂಡಸರಿಗೆ ಸೇವೆ ಕಡ್ಡಾಯ, ಹೆಂಗಸರಿಗೆ ಐಚ್ಛಿಕ. ಮೊದಲು 18 ವಾರಗಳ ರಿಕ್ರೂಟ್ ಶಾಲೆ, ಅಂದರೆ ಹೊಸಬರ ತರಬೇತಿ. ಅದು ಮುಗಿದ ಮೇಲೆ ಹುಡುಗ ತನ್ನ ಕೆಲಸಕ್ಕೆ ಮರಳುತ್ತಾನೆ. ಮುಂದೆ ವರ್ಷಕ್ಕೆ ಮೂರು ವಾರದಂತೆ ಆರು ಸಲ ತನ್ನ ತುಕಡಿಗೆ ಹಾಜರಾಗಬೇಕು. ಸಾಮಾನ್ಯ ಸಿಪಾಯಿಗೆ ಒಟ್ಟು 245 ದಿನ. ಒಂದೇ ಸಲಕ್ಕೆ ಮುಗಿಸಿಬಿಡುತ್ತೇನೆ ಎನ್ನುವವನಿಗೆ 300.

ಆ ಮೂರು ವಾರ ಮನೆ ನಡೆಯುವುದು ಹೇಗೆ? ಪ್ರತಿಯೊಬ್ಬ ನೌಕರನ ಸಂಬಳದ ಶೇ 0.5ರಷ್ಟು ಹಣ ಆದಾಯ ಪರಿಹಾರ ನಿಧಿಗೆ ಹೋಗುತ್ತದೆ. ಅರ್ಧ ಅವನದು, ಅರ್ಧ ಮಾಲೀಕನದು. ಸೇವೆಗೆ ಹೋದವನ ಗಳಿಕೆಯ ಶೇ 80ನ್ನು ಆ ನಿಧಿ ಒಂದು ಮಿತಿಯೊಳಗೆ ತುಂಬಿಕೊಡುತ್ತದೆ. ಹೆರಿಗೆ ರಜೆಯ ಭತ್ಯೆಗೂ ಅದೇ ನಿಧಿ. ಸೇವೆಯಲ್ಲಿದ್ದವನನ್ನು ಕೆಲಸದಿಂದ ತೆಗೆಯುವಂತಿಲ್ಲ. ಸೇವೆ 11 ದಿನ ಮೀರಿದರೆ ಅದರ ಹಿಂದಿನ ಮತ್ತು ಮುಂದಿನ ನಾಲ್ಕು ವಾರಗಳಿಗೂ ಈ ರಕ್ಷಣೆಯಿದೆ. ಸೇವೆ ಮಾಡದವನು ತೆರಿಗೆ ಬೀಳುವ ಆದಾಯದ ಶೇ 3ರಷ್ಟು, ಕನಿಷ್ಠ 400 ಫ್ರಾಂಕ್, ಕಟ್ಟಬೇಕು.

ಇದನ್ನೇ ನಮ್ಮ ಸಕಲೇಶಪುರ, ಮೂಡಿಗೆರೆಯ ತೋಟಗಳಿಗೆ ಹಚ್ಚಿ ನೋಡಿ. ಕಾಫಿ ಕೊಯ್ಲಿನ ಜನವರಿಯಲ್ಲಿ ಲೆಕ್ಕ ಬರೆಯುವ ರೈಟರನ್ನೋ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ನೋಡಿಕೊಳ್ಳುವವನನ್ನೋ ಮೂರು ವಾರ ಕಳಿಸಿ, ಅವನ ಕೆಲಸವನ್ನು ಹಾಗೇ ಕಾಯ್ದಿಡುವ ಮಾಲೀಕರೆಷ್ಟು? ದಿನಗೂಲಿಯವನ ಕೂಲಿ ಯಾರು ತುಂಬಿಕೊಡಬೇಕು?

ಇನ್ನು ಕೋವಿ. ಸ್ಟುರ್ಮ್‌ಗೆವೇರ್ 90 ಎಂಬ 5.6 ಮಿ.ಮೀ. ರೈಫಲ್ ಮನೆಗೆ ಬರುವುದು ನಿಜ. ಆದರೆ ಜೊತೆಗೆ ಕೊಡುತ್ತಿದ್ದ, ಸೀಲ್ ಹಾಕಿದ ಡಬ್ಬಿಯ 50 ಗುಂಡುಗಳನ್ನು ವಾಪಸ್ ಪಡೆಯಲು 2007ರಲ್ಲೇ ತೀರ್ಮಾನವಾಯಿತು. ಮನೆಯಲ್ಲಿ ಬೇಡವೆಂದರೆ ರೈಫಲನ್ನು ಶಸ್ತ್ರಾಗಾರದಲ್ಲೇ ಬಿಡಬಹುದು. (ಚುನಾವಣೆ ಬಂತೆಂದರೆ ಕೋವಿಯನ್ನು ಠಾಣೆಗೆ ಹೊತ್ತೊಯ್ದು ಒಪ್ಪಿಸುವ ನಮ್ಮ ಬೆಳೆಗಾರರು ಇದನ್ನು ಗಮನಿಸಬೇಕು.) ಅಲ್ಲಿನ ಸಿಪಾಯಿ ಪ್ರತಿವರ್ಷ ಆಗಸ್ಟ್ 31ರೊಳಗೆ 300 ಮೀಟರ್ ದೂರದ ಗುರಿಗೆ 20 ಗುಂಡು ಹೊಡೆದು, 85ಕ್ಕೆ ಕನಿಷ್ಠ 42 ಅಂಕ ಗಳಿಸಬೇಕು. ತಪ್ಪಿದರೆ ಮತ್ತೆ ಹೊಡೆಯಬೇಕು, ಗುಂಡಿನ ಖರ್ಚು ಅವನದೇ. ಸೇನಾ ಸೇವೆ ಮುಗಿದ ಮೇಲೆ ರೈಫಲ್ ಸ್ವಂತಕ್ಕೆ ಬೇಕೆಂದರೆ ಪರವಾನಗಿ ಬೇಕು, ಹಿಂದಿನ ವರ್ಷಗಳಲ್ಲಿ ಗುರಿ ಅಭ್ಯಾಸ ಮಾಡಿದ ದಾಖಲೆ ಬೇಕು. ಒಂದೇ ಸಮನೆ ಗುಂಡು ಹಾರಿಸುವ ವ್ಯವಸ್ಥೆಯನ್ನು ತೆಗೆದೇ ಕೊಡುತ್ತಾರೆ.

ಸಂಪ್ರದಾಯದಲ್ಲೂ ಆ ಸೇನೆ ಬೇರೆಯೇ. ಶಾಂತಿಕಾಲದಲ್ಲಿ ಅಲ್ಲಿ ಜನರಲ್ ಹುದ್ದೆಯೇ ಇಲ್ಲ. ಅಪಾಯ ಬಂದಾಗ ಸಂಸತ್ತು ಒಬ್ಬನನ್ನು ಆರಿಸುತ್ತದೆ. 1870ರಲ್ಲಿ ಹೆರ್ಜೋಗ್, 1914ರಲ್ಲಿ ವಿಲ್ಲೆ, 1939ರಲ್ಲಿ ಗೀಸಾನ್. ಆಮೇಲೆ ಯಾರೂ ಇಲ್ಲ. ಸೇನಾಧಿಪತಿಗೆ ರಾಜಕೀಯ ಬಲ ಬೆಳೆಯದಂತೆ ತಡೆಯಲು ಇದಕ್ಕಿಂತ ಅಗ್ಗದ ಉಪಾಯ ನನಗೆ ಕಾಣದು.

ಅಲ್ಲೂ ತೊಡಕಿಲ್ಲವೆಂದಲ್ಲ. ಸೇನೆಯ ಬದಲು ಒಂದೂವರೆ ಪಟ್ಟು ದಿನ ಸಮಾಜಕ್ಕೆ ಉಪಯೋಗವಾಗುವ ನಾಗರಿಕ ಸೇವೆ ಮಾಡಲು ಒಪ್ಪಿದರೆ ಸೇನೆಯಿಂದ ಹೊರಬರಬಹುದು. ಆಯುಧ ಹಿಡಿಯಲು ಮನಸ್ಸು ಒಪ್ಪದು ಎನ್ನುವವನ ಮಾತು ನಿಜವೇ ಎಂದು ಪರೀಕ್ಷಿಸುತ್ತಿದ್ದ ಆತ್ಮಸಾಕ್ಷಿಯ ವಿಚಾರಣೆಯೂ 2009ರಿಂದ ನಿಂತಿದೆ. ಹೀಗಾಗಿ ಸೇನೆ ಖರ್ಚು ಮಾಡಿ ತಯಾರು ಮಾಡಿದವರೇ ನಡುವೆ ಬಿಟ್ಟುಹೋಗುತ್ತಾರೆ. ಆದರೂ ಕಡ್ಡಾಯ ಸೇವೆ ರದ್ದಾಗಲಿ ಎಂಬ ಪ್ರಸ್ತಾವವನ್ನು 2013ರ ಜನಮತಗಣನೆಯಲ್ಲಿ ಶೇ 73ರಷ್ಟು ಮತದಾರರು ತಳ್ಳಿಹಾಕಿದರು. ಸ್ವಿಸ್ ಮಾದರಿ ಬೇಕೆನ್ನುವವರು ಇಲ್ಲಿನ ನಿಧಿಗೆ ಯಾರ ಸಂಬಳದಿಂದ ಎಷ್ಟು ಹಿಡಿಯಬೇಕು, ಪಿಎಫ್ ಕೂಡ ಇಲ್ಲದ ಕೂಲಿಕಾರನ ಲೆಕ್ಕ ಯಾರು ಇಡಬೇಕು ಎಂಬುದನ್ನೂ ತಮ್ಮ ಪತ್ರದಲ್ಲಿ ಬರೆಯಲಿ.

– ಒಬ್ಬ ಓದುಗ, ಸಕಲೇಶಪುರ, ಹಾಸನ ಜಿಲ್ಲೆ