ಬೋರ್ ನೀರನ್ನೇ ಪರೀಕ್ಷಿಸಿ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರ.

ನಾನು ಮಂಡ್ಯ ಜಿಲ್ಲೆಯ ಕಬ್ಬು ಬೆಳೆಗಾರ. ನಮ್ಮೂರ ಪಕ್ಕದ ಡಿಸ್ಟಿಲರಿ, ಅಂದರೆ ಮದ್ಯಸಾರ ತೆಗೆಯುವ ಫ್ಯಾಕ್ಟರಿಯ ಕೊಳಕಿನಿಂದ ನನ್ನ ಬೋರ್ ನೀರು ಕೆಟ್ಟಿದೆ ಅಂತ ಹೇಳಲು ನಿಮ್ಮ ಮನೆ ಬಾಗಿಲಿಗೂ ಬಂದಿದ್ದೇನೆ, ಸಭೆಗಳಲ್ಲೂ ಅರ್ಜಿ ಕೊಟ್ಟಿದ್ದೇನೆ. ಪ್ರತಿ ಸಲವೂ ಅರ್ಜಿಯ ಮೂಲೆಯಲ್ಲಿ ‘ಪರಿಶೀಲಿಸಿ’ ಅಂತ ಬರೆದು ಪಕ್ಕದಲ್ಲಿದ್ದ ಅಧಿಕಾರಿಯ ಕೈಗೆ ಕೊಟ್ಟಿರಿ. ಕೊನೆಗೂ ಪರಿಶೀಲನೆ ನಡೆಯಿತು. ಹೇಗೆ ನಡೆಯಿತು ಅನ್ನುವುದು ನಿಮ್ಮ ಕಿವಿಗೆ ಬಿದ್ದಿರಲಾರದು.

ಜೀಪಿನಲ್ಲಿ ಬಂದವರು ನನ್ನ ಬೋರ್ ಹತ್ತಿರ ಸುಳಿಯಲಿಲ್ಲ. ಗದ್ದೆ ಬದು ಕೆಸರಾಗಿತ್ತಂತೆ. ಊರ ಮುಂದಿನ ಶುದ್ಧ ಕುಡಿಯುವ ನೀರಿನ ಘಟಕದ ಎದುರು ಗಾಡಿ ನಿಲ್ಲಿಸಿದರು. ‘ಐದು ರೂಪಾಯಿ ಕಾಯಿನ್ ಇದೆಯೇನ್ರಿ?’ ಅಂದರು. ಕೊಟ್ಟೆ. ನಲ್ಲಿಗೆ ಬಾಟಲಿ ಹಿಡಿದು ತುಂಬಿಸಿಕೊಂಡರು, ಉಳಿದ ನೀರಲ್ಲಿ ಮುಖ ತೊಳೆದುಕೊಂಡರು, ಹೊರಟೇಬಿಟ್ಟರು. ವರದಿ ಬಂತು: ‘ನೀರು ಕುಡಿಯಲು ಯೋಗ್ಯ.’ ಯೋಗ್ಯವಾಗದೆ ಇನ್ನೇನಾಗುತ್ತೆ ಸ್ವಾಮಿ, ಫಿಲ್ಟರ್ ಆದ ನೀರಲ್ಲವೇ? ಬೋರ್ ಕೆಟ್ಟಿದೆ ಅಂತ ದೂರು ಕೊಟ್ಟವನಿಗೆ ಫಿಲ್ಟರ್ ಚೆನ್ನಾಗಿದೆ ಅಂತ ಸರ್ಟಿಫಿಕೇಟು!

ಬೋರ್ ನೀರನ್ನೇ ಪರೀಕ್ಷಿಸಿ. ನಾನು ಕೇಳುತ್ತಿರುವುದು ಇಷ್ಟೇ.

ಮೋಟರ್ ಹಾಕಿದರೆ ನೀರಿಗಿಂತ ಮೊದಲು ಕೊಳೆತ ಮೊಟ್ಟೆಯ ನಾತ ಬರುತ್ತೆ. ಆಮೇಲೆ ಬರುವ ನೀರು ಕಾಫಿ ಡಿಕಾಕ್ಷನ್ ಥರ. ಪಂಚೆ ಒಗೆದರೆ ಕಂದು ಬಣ್ಣ ಕೂರುತ್ತೆ, ಪಾತ್ರೆ ತಳದಲ್ಲಿ ಪದರ ಕಟ್ಟುತ್ತೆ. ಹಸು ಬಾನಿಗೆ ಮೂತಿ ತಂದು ಹಿಂದಕ್ಕೆ ಸರಿಯುತ್ತೆ. ಹಾಗಾಗಿ ನಾವು ದುಡ್ಡು ಕೊಟ್ಟು, ಕ್ಯಾನ್ ತುಂಬಿಸಿ, ಟಿವಿಎಸ್ ಮೇಲೆ ಹೇರಿಕೊಂಡು ಬಂದು ಹಸುಗಳಿಗೆ ಫಿಲ್ಟರ್ ನೀರು ಕುಡಿಸುತ್ತಿದ್ದೇವೆ. ಹಾಲಿನ ರೇಟು ನಿಮಗೆ ಗೊತ್ತು, ಲೆಕ್ಕ ನೀವೇ ಹಾಕಿ. ಕನ್ನಂಬಾಡಿ ಕಟ್ಟೆ ನೀರು ಕುಡಿದು ಬೆಳೆದ ಜಿಲ್ಲೆ ಅಂತ ವೇದಿಕೆ ಮೇಲೆ ಹೇಳುತ್ತೀರಲ್ಲ, ನಾಲೆ ನಿಂತ ಮೇಲೆ ನಮಗಿರುವುದು ಈ ಬೋರೇ.

ಮೈಸೂರಿನಿಂದ ಪರಿಸರ ವಿಜ್ಞಾನದ ಸಂಶೋಧಕಿಯೊಬ್ಬರು ಬಂದಿದ್ದರು. ಅವರೂ ಅದೇ ಕೆಸರಲ್ಲೇ ನಡೆದು ಬಂದರು. ಪೈಪಿನಲ್ಲಿ ನಿಂತಿದ್ದ ಹಳೇ ನೀರು ಹೋಗಲಿ ಅಂತ ಬಹಳ ಹೊತ್ತು ಮೋಟರ್ ಓಡಿಸಿದರು. ನೀರಿನ ಗುಣ ಅಳೆಯುವ ಮೀಟರಿನ ಕಡ್ಡಿ ಅದ್ದಿ ಅಂಕಿ ನಿಲ್ಲುವವರೆಗೂ ಕಾದರು. ಲೋಹದಂಶ ನೋಡುವ ಬಾಟಲಿಗೆ ಕೆಲವು ಹನಿ ಆಸಿಡ್ ಬಿಟ್ಟರು, ಮಿಕ್ಕವನ್ನು ಐಸ್ ಡಬ್ಬಿಗೆ ಇಳಿಸಿದರು. ನೀರು ಪರೀಕ್ಷೆಗೆ ತೆಗೆಯುವುದು ಹೀಗೆ ಅಂತ ನಿಮ್ಮ ಜೀಪಿನವರಿಗೆ ಗೊತ್ತಿಲ್ಲದೆ ಇಲ್ಲ.

ಅವರು ಹೇಳಿದ್ದು ನನ್ನಂಥವನಿಗೂ ಅರ್ಥವಾಯಿತು. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದ ಒಂದು ಲೀಟರ್ ಮದ್ಯಸಾರ ತೆಗೆದರೆ ಸುಮಾರು 8ರಿಂದ 15 ಲೀಟರ್ ಕಪ್ಪುನೀರು ಉಳಿಯುತ್ತೆ. ಅದನ್ನು ನಿಲ್ಲಿಸಿದ ಹೊಂಡದ ತಳ ಸೋರಿದರೆ ನೆಲಕ್ಕಿಳಿಯುತ್ತೆ. ಅದರಲ್ಲಿರುವ ಸಾವಯವ ವಸ್ತು ಕೊಳೆಯುತ್ತಾ ಅಂತರ್ಜಲದ ಆಮ್ಲಜನಕವನ್ನೆಲ್ಲ ಮುಗಿಸುತ್ತೆ. ಆಮೇಲೆ ಸಲ್ಫೇಟು ಹೈಡ್ರೋಜನ್ ಸಲ್ಫೈಡ್ ಆಗುತ್ತೆ. ಆ ನಾತ ಅದರದ್ದೇ. ಕಲ್ಲುಮಣ್ಣಿನಲ್ಲಿದ್ದ ಕಬ್ಬಿಣ, ಮ್ಯಾಂಗನೀಸ್ ಕೂಡ ಕರಗಿ ನೀರಿಗೆ ಬರುತ್ತೆ. ‘ಪಕ್ಕದ ಹೊಲದ ಬೋರ್ ಚೆನ್ನಾಗಿದೆಯಲ್ಲ, ಹಾಗಾದರೆ ಫ್ಯಾಕ್ಟರಿದಲ್ಲ’ ಅಂತ ನಿಮ್ಮವರು ವಾದ ಮಾಡುತ್ತಾರೆ. ನಮ್ಮದು ಗಟ್ಟಿ ಬಂಡೆಯ ನೆಲ, ನೀರು ಓಡಾಡುವುದು ಬಂಡೆಯ ಬಿರುಕಿನಲ್ಲಿ. ಬಿರುಕು ಎತ್ತ ಹೋಗುತ್ತೋ ಅತ್ತ ವಿಷವೂ ಹೋಗುತ್ತೆ, ಸರ್ವೆ ಕಲ್ಲು ನೋಡಿಕೊಂಡಲ್ಲ.

ಇದಕ್ಕೆ ಜೈವಿಕ ಪರಿಹಾರ ಇದೆ ಅಂದರು ಸಂಶೋಧಕಿ. ನೆಲದಲ್ಲಿ ಈಗಾಗಲೇ ಇರುವ ಸೂಕ್ಷ್ಮಜೀವಿಗಳಿಗೆ ಕೊಳವೆ ಮೂಲಕ ಗಾಳಿ ಒದಗಿಸಿದರೆ ಅವೇ ಆ ಸಾವಯವ ಕೊಳೆಯನ್ನು ತಿಂದು ಕಡಿಮೆ ಮಾಡುತ್ತವೆ. ಬೇಗ ಆಗುವ ಕೆಲಸವಲ್ಲ, ಉಪ್ಪಿನಂಶ ಇದರಿಂದ ಹೋಗುವುದಿಲ್ಲ, ಮೊದಲು ಸೋರಿಕೆ ನಿಲ್ಲಲೇಬೇಕು ಅಂತಲೂ ಮುಚ್ಚುಮರೆಯಿಲ್ಲದೆ ಹೇಳಿದರು. ಪ್ರಯೋಗಕ್ಕೆ ಗೋಮಾಳದಲ್ಲಿ ಒಂದೆರಡು ವೀಕ್ಷಣಾ ಬೋರ್ ಕೊರೆಯಬೇಕು. ಅನುಮತಿ ಕೇಳಿ ಅವರು ಕೊಟ್ಟ ಪತ್ರ ಯಾವ ಟೇಬಲ್ಲಿನ ಮೇಲೆ ಮಲಗಿದೆಯೋ. ಕೇಳಿದರೆ ‘ಸಾಹೇಬರು ಮೀಟಿಂಗಲ್ಲಿದ್ದಾರೆ’.

1974ರ ಜಲ ಕಾಯ್ದೆಯ 24ನೇ ಕಲಂ ನಿಮಗೆ ನಾನು ಓದಿ ಹೇಳಬೇಕಾಗಿಲ್ಲ. ಹೊಳೆಗೆ, ಬಾವಿಗೆ, ನೆಲದ ಮೇಲೆ ಕೊಳಕು ಬಿಡುವಂತಿಲ್ಲ. ನೆಲದೊಳಗಿನ ನೀರೂ ಆ ಕಾಯ್ದೆಯೊಳಗೇ ಬರುತ್ತೆ. ಡಿಸ್ಟಿಲರಿ ತೊಟ್ಟು ತ್ಯಾಜ್ಯವನ್ನೂ ಹೊರಗೆ ಬಿಡಬಾರದು ಅನ್ನುವ ನಿಯಮವೂ ನಿಮಗೆ ಗೊತ್ತು. ಗೊತ್ತಿದ್ದೂ ಸುಮ್ಮನಿದ್ದೀರಿ ಅನ್ನುವುದೇ ನಮ್ಮ ಸಂಕಟ. ಫ್ಯಾಕ್ಟರಿ ಮುಚ್ಚಿಸಿ ಅಂತ ನಾನು ಕೇಳುತ್ತಿಲ್ಲ, ನಮ್ಮ ಹುಡುಗರೇ ಅಲ್ಲಿ ಕೆಲಸಕ್ಕಿದ್ದಾರೆ. ಹೊಂಡದ ತಳ ತೋರಿಸಲಿ. ಸಂಶೋಧಕಿಗೆ ಅನುಮತಿ ಕೊಡಿಸಿ. ಎಲ್ಲಕ್ಕಿಂತ ಮೊದಲು ಬೋರ್ ನೀರನ್ನೇ ಪರೀಕ್ಷಿಸಿ, ವರದಿಯನ್ನು ಪಂಚಾಯಿತಿ ಬೋರ್ಡಿಗೆ ಅಂಟಿಸಿ.

ಈ ಸಲ ಬರುವವರು ತ್ರೀ ಫೇಸ್ ಕರೆಂಟ್ ಇರುವ ಹೊತ್ತು ಕೇಳಿಕೊಂಡು ಬರಲಿ. ಬದುವಿಗೆ ಜಲ್ಲಿ ಹಾಕಿಸಿದ್ದೇನೆ, ಬೂಟು ಕೆಸರಾಗುವುದಿಲ್ಲ. ನೀವೂ ಜೊತೆಗೆ ಬಂದರೆ ಇನ್ನೂ ಒಳ್ಳೆಯದು. ಬರುವ ದಿನವನ್ನು ಪತ್ರದಲ್ಲೇ ತಿಳಿಸಿ. ಬಾಯಿಮಾತು ಬೇಡ.

ಇತಿ,
ನಿಮ್ಮ ಕ್ಷೇತ್ರದ ಮತದಾರ